ಅಳತೆ ನೋಡದೆ ಒತ್ತಿದ ಅಪ್‌ಡೇಟ್

ಮಧ್ಯಾಹ್ನವಾಗುವಷ್ಟರಲ್ಲಿ ನೆಟ್ ಖಾಲಿಯಾಗುವ ಕಾಟ ನಿಮ್ಮ ಮನೆಯಲ್ಲೂ ಇರಬಹುದು. ದೊಡ್ಡ ಟೈಲರಮ್ಮನ ಅಂಗಡಿಯಲ್ಲಿ ಅದು ಒಂದು ವಾರದಿಂದ ಇತ್ತು. ಬೆಳಗ್ಗೆ ಫೋನಿನ ಹಾಟ್‌ಸ್ಪಾಟ್‌ಗೆ ಕಂಪ್ಯೂಟರ್ ಜೋಡಿಸಿದರೆ, ಊಟದ ಹೊತ್ತಿಗೆ "ಇಂದಿನ ಡೇಟಾ ಮುಗಿದಿದೆ" ಎಂಬ ಸಂದೇಶ. ಹೆಚ್ಚುವರಿ ಪ್ಯಾಕ್ ಹಾಕಿಸಿದರೆ ಅದೂ ಸ್ವಾಹಾ.

ಎದುರಿನ ಅಂಗಡಿ ಅವಳ ವಾರಗಿತ್ತಿಯದು. ಬೀದಿಯವರ ಬಾಯಲ್ಲಿ ಚಿಕ್ಕ ಟೈಲರಮ್ಮ. ಮೊದಲು ಇಬ್ಬರೂ ಒಂದೇ ಅಂಗಡಿಯಲ್ಲಿ ಹೊಲಿಯುತ್ತಿದ್ದವರು. ಈಗ ಚಿಕ್ಕವಳ ಗಾಜಿನ ಬಾಗಿಲು, ಹೊಸ ದೀಪ, ಹೊಸ್ತಿಲ ಮುಂದಿನ ಗಿರಾಕಿಗಳ ಚಪ್ಪಲಿ, ಎಲ್ಲವೂ ದೊಡ್ಡವಳು ಕೂರುವ ಜಾಗದಿಂದ ನೇರ ಕಾಣುತ್ತಿದ್ದವು. ನೋಡಬಾರದು ಅಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

"ಅವಳ ನೆಟ್ ಸಂಜೆವರೆಗೂ ಓಡುತ್ತೆ, ನನ್ನದು ಮಾತ್ರ ಯಾಕೆ ಮುಗಿಯುತ್ತೆ? ನನ್ನದನ್ನೇ ಕದ್ದು ಕುಡೀತಿದ್ದಾಳೆ ರೀ" ಎಂದಳು ಗಂಡನಿಗೆ.

"ಪಾಸ್‌ವರ್ಡ್ ಬದಲಾಯಿಸಿದ್ದೀಯಲ್ಲೇ?"

"ನೀವು ತಮ್ಮನ ಮುಂದೆ ಬಾಯಿಬಿಟ್ಟಿರ್ತೀರಿ."

"ನನಗೇ ಹೇಳಿಲ್ಲವಲ್ಲೇ ಮಾರಾಯ್ತಿ!"

ಅಂದು ಆಸ್ಪತ್ರೆಯ ನರ್ಸ್‌ಗಳ ಕೋಟು ಹೊಲಿಯುವ ಆರ್ಡರಿಗಾಗಿ ಮಾದರಿಯ ಫೋಟೊ ಕಳಿಸಲು ಕೊನೇ ದಿನ. ನಾಲ್ಕು ಗಂಟೆ ದಾಟಿದರೆ ತೆಗೆದುಕೊಳ್ಳುವುದಿಲ್ಲ. ಆ ಕೆಲಸ ಸಿಕ್ಕರೆ ಇಡೀ ಮಳೆಗಾಲ ಮಿಷನ್ ನಿಲ್ಲುವಂತಿರಲಿಲ್ಲ. ದೊಡ್ಡವಳು ಫೋಟೊಗಳನ್ನು ಕಂಪ್ಯೂಟರಿನಲ್ಲಿ ಒಪ್ಪವಾಗಿ ಜೋಡಿಸಿ ಕಳಿಸಲು ಹೋದಳು. ನೆಟ್ ಇಲ್ಲ. ಎದುರಿನ ಗಾಜಿನಾಚೆ ಚಿಕ್ಕವಳು ತನ್ನ ಕಂಪ್ಯೂಟರ್ ಪರದೆ ನೋಡಿ ನಗುತ್ತಿದ್ದಳು. ದೊಡ್ಡವಳ ಹೊಟ್ಟೆಗೆ ಬೆಂಕಿ ಬಿತ್ತು. ಕತ್ತರಿ ಅಲ್ಲೇ ಬಿಟ್ಟು ಬೀದಿ ದಾಟಿದಳು.

"ನನ್ನ ನೆಟ್ ಬಿಡೇ!"

"ಯಾವ ನೆಟ್ ಅಕ್ಕಾ?"

"ಬೆಕ್ಕು ಕಣ್ಮುಚ್ಚಿ ಹಾಲು ಕುಡಿದ ಹಾಗೆ ಆಡಬೇಡ."

ಗಿರಾಕಿಗಳು ತಿರುಗಿ ನೋಡಿದರು. ಚಿಕ್ಕವಳ ಮುಖ ಕೆಂಪಾಯಿತು. ಕೊರಳಲ್ಲಿದ್ದ ಟೇಪನ್ನೂ ತೆಗೆಯದೆ ಇವಳ ಅಂಗಡಿಗೆ ಬಂದು, ಇವಳ ಫೋನ್ ಇಸಕೊಂಡಳು.

"ನೋಡಿ, ನಿಮ್ಮ ಹಾಟ್‌ಸ್ಪಾಟ್‌ಗೆ ಸೇರಿರೋದು ಒಂದೇ ಯಂತ್ರ. ನಿಮ್ಮದೇ ಕಂಪ್ಯೂಟರ್." ಆಮೇಲೆ ಕಂಪ್ಯೂಟರಿನ ಸೆಟ್ಟಿಂಗ್ಸ್ ತೆರೆದಳು. "ಕಳ್ಳ ಇಲ್ಲೇ ಕೂತಿದ್ದಾನೆ. ಆಪರೇಟಿಂಗ್ ಸಿಸ್ಟಮ್ ಅಪ್‌ಡೇಟ್ ಡೌನ್‌ಲೋಡ್ ಆಗ್ತಾ ನಿಂತಿದೆ, ಒಟ್ಟು ನಾಲ್ಕು ಜಿಬಿ. ನಿಮ್ಮ ದಿನದ ಪ್ಯಾಕ್ ಎಷ್ಟು?"

"ಒಂದೂವರೆ."

"ಅರ್ಧದಲ್ಲಿ ನಿಲ್ಲುತ್ತೆ. ಮಾರನೇ ದಿನ ನೆಟ್ ಸಿಕ್ಕ ಕೂಡಲೇ ಮತ್ತೆ ಎಳೆಯುತ್ತೆ, ಒಮ್ಮೊಮ್ಮೆ ಮೊದಲಿನಿಂದಲೇ. ಈ ಬಟನ್ ಒತ್ತಿದ್ದು ಯಾರು?"

ಒತ್ತಿದ್ದು ದೊಡ್ಡವಳೇ. ಚಿಕ್ಕವಳ ಪರದೆ ಹೊಸ ಬಣ್ಣದಲ್ಲಿ ಹೊಳೆಯುವುದನ್ನು ಕಂಡ ದಿನವೇ, ನನ್ನದೇನು ಕಡಿಮೆ ಎಂದು ಒತ್ತಿದ್ದಳು.

"ನಿನ್ನದು ಹೊಸದಾಯ್ತಲ್ಲ, ನಿನ್ನ ಡೇಟಾ ಯಾಕೆ ಮುಗಿಯಲಿಲ್ಲ?"

"ನಾನು ಗಾತ್ರ ನೋಡಿ, ಕಂಪ್ಯೂಟರನ್ನು ಅತ್ತೆ ಮನೆಗೆ ಹೊತ್ತೊಯ್ದು, ಅಲ್ಲಿನ ಕೇಬಲ್ ನೆಟ್‌ನಲ್ಲಿ ಮಾಡಿಕೊಂಡೆ. ಅಳತೆ ತೆಗೆಯದೆ ಯಾರಾದರೂ ಬಟ್ಟೆಗೆ ಕತ್ತರಿ ಹಾಕ್ತಾರಾ ಅಕ್ಕ? ಅದನ್ನು ಹೇಳಿಕೊಟ್ಟವರೇ ನೀವು!"

"ಹಾಗಾದರೆ ಈ ಅಪ್‌ಡೇಟೇ ಬೇಡ, ಬಿಡು."

"ಹಾಗನ್ನಬೇಡಿ. ಕಂಪ್ಯೂಟರಿನ ರಕ್ಷಣೆಗೆ ಅದು ಬೇಕು. ಈಗ ತಡೆದು ನಿಲ್ಲಿಸೋಣ, ಪೂರ್ತಿ ಕೈಬಿಡೋದು ಬೇಡ." ಅವಳು ಅಪ್‌ಡೇಟ್ ತಡೆದು, ಡೇಟಾ ಮಿತಿಯಿರುವ ಸಂಪರ್ಕ ಎಂಬ ಆಯ್ಕೆ ಹಾಕಿದಳು. ಆಮೇಲೆ ತನ್ನದೇ ಫೋನಿನ ಹಾಟ್‌ಸ್ಪಾಟನ್ನು ಅದಕ್ಕೆ ಜೋಡಿಸಿದಳು.

"ನೀನೂ ಇದೇ ಆರ್ಡರಿಗೆ ಕಳಿಸಿದ್ದೀಯಲ್ಲೇ?"

"ಬೆಳಗ್ಗೆಯೇ ಕಳಿಸಿದೆ. ಬೇಗ ಒತ್ತಿ, ನನ್ನ ಮನಸ್ಸು ಬದಲಾಗೋ ಮುಂಚೆ."

ಫೋಟೊಗಳು ನಾಲ್ಕಕ್ಕೆ ಮುಂಚೆ ಹೋದವು. ಕೆಲಸ ಸಿಕ್ಕಿದ್ದು ದೊಡ್ಡವಳಿಗೆ. ಸುದ್ದಿ ತಿಳಿದ ಚಿಕ್ಕವಳು ಬಾಗಿಲಲ್ಲಿ ನಿಂತಳು. "ನನ್ನ ನೆಟ್ ಕುಡಿದು ನನ್ನ ಆರ್ಡರನ್ನೂ ನುಂಗಿದಿರಿ. ನನಗೆ ಹೊಟ್ಟೆ ಉರೀತಿದೆ, ಸುಳ್ಳು ಯಾಕೆ ಹೇಳಲಿ."

"ಉರಿ ಏನು ಅಂತ ನನಗೆ ಗೊತ್ತು, ಕೂತ್ಕೋ" ಎಂದಳು ದೊಡ್ಡವಳು. "ಜೇಬಿನ ಮೇಲೆ ಹೆಸರು ಹೊಲಿಯೋದು ನಿನ್ನ ಮಿಷನ್ನಿಗೆ ಮಾತ್ರ ಬರುತ್ತೆ. ಆ ಪಾಲಿನ ಕೆಲಸ ನಿನ್ನದು."

ಭಾನುವಾರ ದೊಡ್ಡವಳ ಗಂಡ ಕಂಪ್ಯೂಟರ್ ಹೊತ್ತು, ಅವಳ ಜೊತೆ, ಕೇಬಲ್ ನೆಟ್ ಇರುವ ತನ್ನ ಅಮ್ಮನ ಮನೆಗೆ ನಡೆದ. "ಒತ್ತಲಾ?" ಎಂದು ಕೇಳಿದ.

"ತಡೀರಿ, ಮೊದಲು ಅಳತೆ" ಎಂದಳು ಅವಳು.

ಓದುಗರೇ, ನಿಮ್ಮ ಕಂಪ್ಯೂಟರ್ ಅಪ್‌ಡೇಟ್ ಕೇಳಿದರೆ ಮೊದಲು ಅದು ಎಷ್ಟು ಜಿಬಿ ಎಂದು ನೋಡಿ. ಪರದೆಯಲ್ಲಿ ಕಾಣದಿದ್ದರೆ ತಯಾರಿಸಿದ ಕಂಪನಿಯ ವೆಬ್‌ಸೈಟ್‌ನಲ್ಲಿ ಹುಡುಕಿ, ಇಲ್ಲವೇ ಬಲ್ಲವರನ್ನು ಕೇಳಿ. ನಿಮ್ಮ ಡೇಟಾಕ್ಕೆ ಅದು ದೊಡ್ಡದೆನಿಸಿದರೆ ಮಿತಿಯಿಲ್ಲದ ನೆಟ್ ಸಿಗುವವರೆಗೆ ಕಾಯಿರಿ, ಆದರೆ ಅಪ್‌ಡೇಟ್ ಮಾಡುವುದನ್ನು ಮರೆಯಬೇಡಿ. ಮತ್ತು ಎದುರು ಮನೆಯವರ ಮೇಲೆ ಅನುಮಾನ ಪಡುವ ಮೊದಲು, ದಯವಿಟ್ಟು ನಿಮ್ಮ ಪರದೆಯನ್ನೊಮ್ಮೆ ನೋಡಿ.