ಉಕ್ಕಿನ ಬಟ್ಟಲಲ್ಲಿ ಅರೆದ ಹನ್ನೊಂದು ಕಲ್ಲು

ಕಲ್ಲು ಅರೆಯುವ ಕೋಣೆ ಭೂವಿಜ್ಞಾನ ವಿಭಾಗದ ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಅಲ್ಲಿ ಹತ್ತೊಂಬತ್ತು ವರ್ಷದಿಂದ ದುಡಿಯುತ್ತಿದ್ದವಳನ್ನು ಎಲ್ಲರೂ ಪುಡಿಯಕ್ಕ ಎಂದೇ ಕರೆಯುತ್ತಿದ್ದರು. ಮೇಲಿನ ಮಹಡಿಯ ಸಂಶೋಧಕರು ತಂದುಕೊಟ್ಟ ಕಲ್ಲನ್ನು ಅವಳು ಒಡೆದು, ಹಿಟ್ಟಿನಷ್ಟು ನುಣ್ಣಗೆ ಅರೆದು, ಚೀಟಿ ಅಂಟಿಸಿದ ಡಬ್ಬಿಯಲ್ಲಿ ತುಂಬಿ ಕೊಡುತ್ತಿದ್ದಳು. ಯಾವ ಧಾತು ಎಷ್ಟಿದೆಯೆಂದು ಯಂತ್ರ ಹೇಳುತ್ತಿತ್ತು. ಅದನ್ನು ಹಿಡಿದು, ಆ ಮರಳುಗಲ್ಲಿನ ಮರಳು ಕೋಟ್ಯಂತರ ವರ್ಷಗಳ ಹಿಂದೆ ಯಾವ ಬೆಟ್ಟದಿಂದ ಹರಿದುಬಂತು, ಆಗಿನ ಮಳೆ ಬಿಸಿಲು ಆ ಬೆಟ್ಟವನ್ನು ಎಷ್ಟು ಶಿಥಿಲಗೊಳಿಸಿತ್ತು ಎಂಬುದನ್ನು ಮೇಲಿನವರು ತರ್ಕಿಸುತ್ತಿದ್ದರು.

ಒಂದು ಬೆಳಿಗ್ಗೆ ಸಂಶೋಧನೆಯ ಹುಡುಗಿ ಎರಡೆರಡು ಮೆಟ್ಟಿಲು ಹಾರಿ ಇಳಿದುಬಂದಳು. ನಾಲ್ಕು ವರ್ಷದಿಂದ ಒಂದೇ ಬಂಡೆಸಾಲಿಗೆ ಜೋತುಬಿದ್ದವಳು ಅವಳು.

"ಅಕ್ಕಾ, ಮೇಲಿನ ಪದರದ ಹನ್ನೊಂದು ಕಲ್ಲಲ್ಲೂ ಕ್ರೋಮಿಯಂ ನಾಲ್ಕು ಪಟ್ಟು ಜಾಸ್ತಿ! ಅಂದ್ರೆ ಮರಳು ಬರ್ತಿದ್ದ ಬೆಟ್ಟವೇ ಬದಲಾಗಿದೆ. ಮೊದಲು ಗ್ರಾನೈಟ್, ಆಮೇಲೆ ಎಲ್ಲೋ ಜ್ವಾಲಾಮುಖಿಯ ಕಪ್ಪು ಕಲ್ಲಿನ ಬೆಟ್ಟ ಎದ್ದಿದೆ. ಇದುವರೆಗೂ ಯಾರೂ ಹೇಳಿಲ್ಲ. ನನ್ನ ಗೈಡ್ ಮೇಷ್ಟ್ರ ಕಾಲು ನೆಲದ ಮೇಲಿಲ್ಲ. ಶುಕ್ರವಾರ ಲೇಖನ ಕಳಿಸ್ತೀವಿ."

ಪುಡಿಯಕ್ಕ ನಕ್ಕಳು. ಹುಡುಗಿ ಹತ್ತಿಹೋದ ಮೇಲೆ ದಾಖಲೆ ಪುಸ್ತಕ ತೆಗೆದು ಆ ಹನ್ನೊಂದು ಕಲ್ಲುಗಳ ಪುಟ ಹುಡುಕಿದಳು. ಆ ಕಲ್ಲುಗಳು ಬಂದ ವಾರವೇ, ಪುಡಿಗೆ ಲೋಹ ಸೋಕದಂತೆ ಅರೆಯುವ ಅಗೇಟ್ ಕಲ್ಲಿನ ಬಟ್ಟಲು ಬಿರುಕು ಬಿಟ್ಟಿತ್ತು. ಹೊಸದು ಬರುವವರೆಗೆ ಕಾಯಬೇಕಿತ್ತು. ಆದರೆ ತಂಗಿಯ ಹೆರಿಗೆಗೆ ಹೋಗುವ ಆತುರ. ಎಲ್ಲವನ್ನೂ ಉಕ್ಕಿನ ಬಟ್ಟಲಲ್ಲಿ ಅರೆದು ಕೈತೊಳೆದುಕೊಂಡಿದ್ದಳು. ಆ ಉಕ್ಕಿನಲ್ಲಿ ಕ್ರೋಮಿಯಂ ಇದೆ, ಅದು ಸವೆದು ಪುಡಿಗೆ ಸೇರುತ್ತದೆ ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದವಳೇ ಅವಳು. ದಾಖಲೆ ಪುಸ್ತಕದಲ್ಲಿ ಮಾತ್ರ ಎಂದಿನಂತೆ 'ಅಗೇಟ್' ಎಂದು ಬರೆದಿದ್ದಳು.

ಸಂಜೆ ಗಂಡನಿಗೆ ಹೇಳಿದಳು. ಅವನು ಬಸ್ ಚಾಲಕ.

"ನೀನು ಬಾಯಿ ಬಿಡದಿದ್ರೆ ಯಾರಿಗೆ ಗೊತ್ತಾಗುತ್ತೆ?"

"ಯಾರಿಗೂ ಇಲ್ಲ."

"ಮತ್ತೆ ಸುಮ್ನಿರು. ಯಾವ ಕಾಲದ ಬೆಟ್ಟವೋ. ಇದ್ರೆಷ್ಟು, ಬಿಟ್ರೆಷ್ಟು?"

"ಬೆಟ್ಟಕ್ಕೇನೂ ಆಗಲ್ಲ ರೀ. ಆ ಹುಡುಗಿ ಇಲ್ಲದ ಬೆಟ್ಟ ಹತ್ತಿ ಕೂತ್ಬಿಡ್ತಾಳೆ."

"ಕೆಲಸದಿಂದ ತೆಗೆದ್ರೆ?"

"ನಿಮ್ಮ ಬಸ್ಸಲ್ಲಿ ಟಿಕೆಟ್ ಹರೀತೀನಿ."

"ಬೇಡ ಮಾರಾಯ್ತಿ. ಮನೇಲಿ ಬೈಸ್ಕೊಳ್ಳೋದೇ ಸಾಕು," ಎಂದ ಅವನು.

ಮರುದಿನ ಅವಳು ಮೂರನೇ ಮಹಡಿಗೆ ಹೋಗಿ ಮೇಷ್ಟ್ರು, ಹುಡುಗಿ ಇಬ್ಬರ ಮುಂದೆಯೂ ಹೇಳಿದಳು. ಮೇಷ್ಟ್ರು ಕನ್ನಡಕ ತೆಗೆದರು. "ಪುಸ್ತಕದಲ್ಲಿ ಅಗೇಟ್ ಅಂತ ಇದೆಯಲ್ಲಮ್ಮಾ?"

"ಬರೆದವಳು ನಾನೇ ಸಾರ್. ಅದು ಸುಳ್ಳು."

ಹುಡುಗಿ ಎದ್ದುಹೋದಳು.

ಆ ಹನ್ನೊಂದು ಕಲ್ಲುಗಳ ಉಳಿದ ತುಂಡುಗಳನ್ನು ಪುಡಿಯಕ್ಕ ಹೊಸ ಅಗೇಟ್ ಬಟ್ಟಲಲ್ಲಿ ಮತ್ತೆ ಅರೆದಳು. ಒಂದೊಂದು ಕಲ್ಲಾದ ಮೇಲೂ ಬಿಳಿ ಮರಳು ಹಾಕಿ ಬಟ್ಟಲು ತೊಳೆದಳು. ಮೂರು ವಾರ ಹಿಡಿಯಿತು. ಅಷ್ಟು ದಿನವೂ ಹುಡುಗಿ ಡಬ್ಬಿಗಳನ್ನು ಬೇರೆಯವರ ಕೈಲಿ ತರಿಸಿಕೊಂಡಳು.

ಕ್ರೋಮಿಯಂ ಇಳಿಯಿತು, ಕಪ್ಪು ಬೆಟ್ಟ ಮಾಯವಾಯಿತು. ಆದರೆ ಆ ಹನ್ನೊಂದರಲ್ಲಿ ಸುಣ್ಣ, ಸೋಡಿಯಂ ಎರಡೂ ಹೆಚ್ಚುಕಡಿಮೆ ತೊಳೆದುಹೋಗಿ ಅಲ್ಯೂಮಿನಿಯಂ ಮಾತ್ರ ಉಳಿದಿತ್ತು. ಮೊದಲ ಸಲದ ಅಂಕಿಗಳಲ್ಲೂ ಅದಿತ್ತು. ಕ್ರೋಮಿಯಂ ಗದ್ದಲದಲ್ಲಿ ಯಾರೂ ಅತ್ತ ನೋಡಿರಲಿಲ್ಲ.

ಅದನ್ನು ಹೇಳಲು ಹುಡುಗಿ ತಾನೇ ಇಳಿದುಬಂದಳು. ಬಾಗಿಲಲ್ಲೇ ನಿಂತಳು.

"ಬೆಟ್ಟ ಅದೇ ಅಕ್ಕ. ಬದಲಾಗಿದ್ದು ಮಳೆ. ಸೆಕೆ, ಜಡಿಮಳೆ ಎರಡೂ ಸೇರಿ ಗ್ರಾನೈಟನ್ನ ಪೂರ್ತಿ ಕೊಳೆಸಿಬಿಟ್ಟಿವೆ. ಸುಣ್ಣ, ಸೋಡಿಯಂ ತೊಳೆದುಹೋಗಿದ್ದು ಅದಕ್ಕೇ."

"ಲೇಖನ ಆಗುತ್ತಾ?"

"ಆಗುತ್ತೆ. ಸಣ್ಣದು."

ಎಂಟು ತಿಂಗಳ ಮೇಲೆ ಅದು ಅಚ್ಚಾಯಿತು. ಪುಡಿಯಕ್ಕನಿಗೆ ಆ ವರ್ಷ ಬರಬೇಕಿದ್ದ ಬಡ್ತಿ ಬರಲಿಲ್ಲ. ಹುಡುಗಿ ಈಗಲೂ ಅಕ್ಕ ಎಂದೇ ಕರೆಯುತ್ತಾಳೆ. ಆದರೆ ಕಲ್ಲು ಕೊಡುವಾಗ, "ಯಾವ ಬಟ್ಟಲು?" ಎಂದು ಕೇಳತೊಡಗಿದಳು. ಮೊದಲ ಸಲ ಪುಡಿಯಕ್ಕನಿಗೆ ಚುರುಕ್ಕೆಂದಿತು. ಆಮೇಲಾಮೇಲೆ, ಕೇಳುವ ಮೊದಲೇ ತಾನೇ ಹೇಳಿಬಿಡುತ್ತಿದ್ದಳು.