ಹಲ್ಲಲ್ಲ, ದವಡಿ

ಕಾಂಚನಾಳಿಗೆ ತನ್ನ ಮರಾಠಿಯ ಮೇಲೆ ಬಹಳ ಜಂಬ. ನೆರೂಳದಲ್ಲೇ ಹುಟ್ಟಿ ಬೆಳೆದವಳು, ಅವ್ವ ಕನ್ನಡದಲ್ಲಿ ಕೇಳಿದರೆ ಅರ್ಧ ಮರಾಠಿ ಬೆರೆಸಿ ಉತ್ತರ ಕೊಡುವವಳು. ಅವ್ವ ರುದ್ರವ್ವನಾದರೋ ಬಿಜಾಪುರದ ಕಡೆಯಿಂದ ಮದುವೆಯಾಗಿ ಬಂದು ಇಪ್ಪತ್ತೈದು ವರ್ಷವಾದರೂ ಬಜಾರದ ಹತ್ತು ಮಾತು ಬಿಟ್ಟು ಬೇರೆ ಮರಾಠಿ ಕಲಿತಿರಲಿಲ್ಲ. ಕಲಿಯುವ ಗರಜೂ ಬಿದ್ದಿರಲಿಲ್ಲ. ಬ್ಯಾಂಕಿರಲಿ, ರೇಷನ್ ಆಫೀಸಿರಲಿ, ಅವ್ವನ ಬಾಯಿ ಎಂದರೆ ಕಾಂಚನಾ. ಆ ಬಾಯಿಯೇ ಅವ್ವನ ಬಾಯಿ ಕೆಡಿಸಿತು.

ಅದು ೨೦೦೯. ರುದ್ರವ್ವನ ಬಲಗಿವಿಯ ಮುಂದೆ ನೋವು ಶುರುವಾಯಿತು. ರೊಟ್ಟಿ ಅಗಿದರೆ ಟಕ್ ಎಂದು ಸದ್ದು, ಆಕಳಿಸಿದರೆ ಕಣ್ಣಲ್ಲಿ ನೀರು. ಕಾಂಚನಾ ಅವಳನ್ನು ಸೀವುಡ್ಸ್‌ನ ಒಬ್ಬ ಹಲ್ಲಿನ ಡಾಕ್ಟರ ಬಳಿ ಕರೆದೊಯ್ದಳು. ಕುರ್ಚಿಯಲ್ಲಿ ಕೂತ ರುದ್ರವ್ವ ಅಂಗೈಯಿಂದ ಇಡೀ ಕೆನ್ನೆ ಒತ್ತಿ ಹಿಡಿದು ಮಗಳಿಗೆ ಹೇಳಿದಳು.

"ಹಲ್ಲಲ್ಲವ್ವಾ, ದವಡಿ. ದವಡಿ ನೂಸ್ತೈತಿ ಅಂತ ಹೇಳು."

ಕಾಂಚನಾ ಒಂದಕ್ಷರ ಬಿಡದೆ ಹೇಳಿದಳು. "ದಾತ್ ನಾಹೀ ಡಾಕ್ಟರ್, ದಾಢ್ ದುಖತೆ."

ಮರಾಠಿಯಲ್ಲಿ ದಾತ್ ಎಂದರೆ ಹಲ್ಲು, ದಾಢ್ ಎಂದರೆ ಹಿಂದಿನ ಅಗಿಯುವ ಹಲ್ಲು. ದವಡಿ, ದಾಢ್ ಎರಡೂ ಕೇಳಲು ಅಕ್ಕತಂಗಿಯರಂತಿವೆ, ಎರಡೂ ಒಂದೇ ಎಂದು ಅವಳು ಸಣ್ಣವಳಿದ್ದಾಗಿನಿಂದ ನಂಬಿದ್ದಳು. ಡಾಕ್ಟರು ಎಕ್ಸ್‌ರೇ ತೆಗೆದರು, ತುದಿಯ ಹಲ್ಲಿನಲ್ಲಿ ಸಣ್ಣ ಹುಳುಕು ಕಂಡಿತು, ಕಿತ್ತರು. ನೋವು ಹೋಗಲಿಲ್ಲ. ಪಕ್ಕದ್ದಿರಬೇಕು ಎಂದು ಅದನ್ನೂ ಕಿತ್ತರು. ಪ್ರತಿ ಸಲವೂ ರುದ್ರವ್ವ ಹಲ್ಲಲ್ಲ, ದವಡಿ ಎಂದಳು. ಪ್ರತಿ ಸಲವೂ ಮಗಳು ಅದನ್ನೇ ಚೊಕ್ಕ ಮರಾಠಿ ಮಾಡಿ ಒಪ್ಪಿಸಿದಳು. ಒಂದೂವರೆ ವರ್ಷದಲ್ಲಿ ಕೆಳಗಿನ ಬಲಬದಿಯ ಅಗಿಯುವ ಹಲ್ಲು ಮೂರೂ ಹೋದವು. ಇಷ್ಟಾದರೂ ನೋವೆಂದರೆ ಹೇಗವ್ವಾ, ನಾಟಕ ಮಾಡಬೇಡ ಎಂದು ಕಾಂಚನಾ ಒಮ್ಮೆ ಗದರಿಯೂ ಬಿಟ್ಟಳು. ಅಂದಿನಿಂದ ರುದ್ರವ್ವ ನೋವಿನ ಸುದ್ದಿ ಎತ್ತಲಿಲ್ಲ, ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿ ನುಂಗತೊಡಗಿದಳು.

ಒಂದು ಬೆಳಿಗ್ಗೆ ಬಾಯಿ ತೆರೆಯಲೇ ಇಲ್ಲ. ಹಲ್ಲುಗಳ ನಡುವೆ ಒಂದು ಬೆರಳು ಹೋದರೆ ಹೆಚ್ಚು. ಈ ಸಲ ದೊಡ್ಡ ಹಲ್ಲಿನ ಆಸ್ಪತ್ರೆಗೆ ಹೋದರು. ಅಲ್ಲಿಯ ಡಾಕ್ಟರಮ್ಮ ಹಲ್ಲು ನೋಡುವ ಮೊದಲೇ ರುದ್ರವ್ವನ ಎರಡೂ ಕಿವಿಗಳ ಮುಂದೆ ಬೆರಳಿಟ್ಟು, ಬಾಯಿ ತೆರೆ ಎಂದು ಸನ್ನೆ ಮಾಡಿದಳು. ಆಮೇಲೆ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ತಲೆಬುರುಡೆಯ ಕೆಳಗಿನ ಎಲುಬನ್ನು ಆಡಿಸಿ, ಇದು ಜಬಡಾ, ಇದರ ಕೀಲಿನದೇ ತ್ರಾಸು, ಹಲ್ಲಿನದಲ್ಲ ಎಂದು ಮರಾಠಿಯಲ್ಲಿ ತಿಳಿಸಿದಳು.

ಕಾಂಚನಾ ಆ ಎಲುಬನ್ನೇ ನೋಡಿದಳು. ಅವ್ವ ಅಂಗೈಯಿಂದ ಒತ್ತಿ ಹಿಡಿಯುತ್ತಿದ್ದುದು ಅದನ್ನೇ. ದವಡಿ ಎಂದರೆ ಜಬಡಾ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದರು, ಬರೆಯ ಕಬ್ಬಿಣ ಕೈಗೆ ಕೊಟ್ಟವಳು ತಾನು.

ಡಾಕ್ಟರಮ್ಮ ಹೇಳುತ್ತಲೇ ಇದ್ದಳು. ಮೆತ್ತಗಿನ ಊಟ, ಬಿಸಿ ಬಟ್ಟೆಯ ಶಾಖ, ದಿನಾ ಬಾಯಿಯ ವ್ಯಾಯಾಮ. ನಿದ್ದೆಯಲ್ಲಿ ಹಲ್ಲು ಕಚ್ಚದಂತೆ ಒಂದು ಪ್ಲೇಟ್ ಹಾಕಬೇಕು, ಆದರೆ ಬಲಬದಿಗೆ ಅದು ಕೂರಲು ಹಲ್ಲೇ ಇಲ್ಲ. ಕೀಲಿನೊಳಗಿನ ಮೆತ್ತೆ ಜಾರಿ ಕೂತಿದೆ. ಮೊದಲೇ ಬಂದಿದ್ದರೆ ಸುಲಭವಿತ್ತು, ಈಗ ನೋವು ತಗ್ಗಿಸಬಹುದು, ಬಾಯಿ ಮೊದಲಿನಂತೆ ತೆರೆದೀತೆಂಬ ಭರವಸೆ ಕೊಡಲಾರೆ. ಕೊನೆಗೆ ಕೇಳಿದಳು, ಆ ಮೂರು ಹಲ್ಲು ಯಾಕೆ ಕೀಳಿಸಿದಿರಿ?

"ಏನಂದ್ರವ್ವಾ?" ಎಂದಳು ರುದ್ರವ್ವ.

ಕೀಲು ಜಾರಿದೆಯಂತೆ, ಹಲ್ಲು ಕಚ್ಚಬಾರದಂತೆ ಎಂದಳು ಕಾಂಚನಾ. ಮೂರು ಹಲ್ಲಿನ ಮಾತು ಬಿಟ್ಟಳು.

"ಹಲ್ಲು ಕಚ್ಚದ ಸಂಸಾರ ಎಲ್ಲೈತಿ?" ಎಂದು ರುದ್ರವ್ವ ಬಾಯಿ ತೆರೆಯದೆ ನಕ್ಕಳು.

ಸ್ಟೇಶನ್ನಿನ ಬೆಂಚಿನ ಮೇಲೆ ಕೂತಾಗ ಕಾಂಚನಾಳಿಗೆ ತಡೆಯಲಾಗಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅವ್ವನೊಡನೆ ಮರಾಠಿ ಬೆರೆಸದೆ ಕನ್ನಡದಲ್ಲಿ ಮಾತಾಡಿದಳು, ತಡವರಿಸುತ್ತ.

"ಅವ್ವಾ, ನೀ ದವಡಿ ಅಂದಿ, ನಾ ದಾಢ್ ಅಂದೆ. ದಾಢ್ ಅಂದ್ರ ಹಲ್ಲು."

ರುದ್ರವ್ವ ನಾಲಿಗೆಯಿಂದ ಆ ಖಾಲಿ ಜಾಗವನ್ನು ತಡವಿಕೊಂಡಳು, ಕೆನ್ನೆ ಸಣ್ಣಗೆ ಅಲುಗಿತು. ಒಂದು ಲೋಕಲ್ ಬಂದು ಹೋಯಿತು. ಇಬ್ಬರೂ ಏಳಲಿಲ್ಲ.

"ನಾ ಹೇಳಿದ್ನಲ್ಲವ್ವಾ, ಹಲ್ಲಲ್ಲ ಅಂತ."

ಅಷ್ಟೇ. ಬೈದಿದ್ದರೆ, ಒಂದೇಟು ಹಾಕಿದ್ದರೆ ಚೆನ್ನಾಗಿತ್ತು ಅನಿಸಿತು ಕಾಂಚನಾಳಿಗೆ. ಮನೆಗೆ ಬಂದ ಮೇಲೂ ರುದ್ರವ್ವ ಗಂಡ ಅಮೃತಪ್ಪನಿಗೆ, ಕೀಲು ಜಾರೈತಂತ ಎಂದಳೇ ಹೊರತು ಮಗಳ ಹೆಸರೆತ್ತಲಿಲ್ಲ.

ಹದಿನೈದು ದಿನಕ್ಕೆ ಮತ್ತೆ ಆಸ್ಪತ್ರೆಗೆ ಹೋಗಬೇಕಿತ್ತು. ಕಾಂಚನಾ ಅರ್ಧ ದಿನ ರಜೆ ಹಾಕಿ ಕೂದಲು ಬಾಚುತ್ತಿದ್ದಳು. ನೋಡಿದರೆ ರುದ್ರವ್ವ ಆಗಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ, ಪಕ್ಕದಲ್ಲಿ ಕೆಳಗಿನ ಮನೆಯ ಮರಗಮ್ಮ. ಅವಳೂ ಕನ್ನಡದವಳೇ, ಗುಲ್ಬರ್ಗಾ ಕಡೆಯವಳು, ಅರ್ಧಂಬರ್ಧ ಮರಾಠಿ, ಅದರಲ್ಲೂ ಮುಕ್ಕಾಲು ಹಿಂದಿ.

"ನೀ ಕೆಲಸಕ್ಕ ಹೋಗವ್ವಾ. ಸುಮ್ನ ರಜಾ ಯಾಕ ಹಾಳು ಮಾಡ್ತಿ? ಮರಗಮ್ಮ ಬರ್ತಾಳ."

ದನಿಯಲ್ಲಿ ಸಿಟ್ಟಿನ ಒಂದೆಳೆಯೂ ಇರಲಿಲ್ಲ. ಕಾಂಚನಾ ಬಾಚಣಿಗೆ ಹಿಡಿದೇ ನಿಂತಳು. ಇಬ್ಬರೂ ಮೆಟ್ಟಿಲು ಇಳಿಯತೊಡಗಿದರು. ಕೆಳಗಿನ ತಿರುವಿನಿಂದ ಅವ್ವನ ಅರೆ ತೆರೆದ ಬಾಯಿಯ ಮಾತು ಮೇಲೆ ಕೇಳಿಸಿತು.

"ಜಬಡಾ ಅನ್ನು ಮರಗಮ್ಮ. ದಾಢ್ ಅನಬ್ಯಾಡ."