ಹೆಬ್ಬಾಗಿಲ ಕಲ್ಲಿನ ರಾಣಿ

ದೇವದುರ್ಗದ ಕವಿಗೋಷ್ಠಿಗೆ ಇನ್ನೂ ಒಂದು ದಿನವಿತ್ತು. ಆಗಲೇ ಮೌನೇಶ್ವರಿ ಅಲ್ಲಿ ಓದಿದ ಕವಿತೆ ಕೇಳಿ ಸಭಿಕರ ಕಣ್ಣು ತೇವವಾಗಿತ್ತು. ಹಾಗೆಂದು ಅಧ್ಯಕ್ಷರ ಭಾಷಣದಲ್ಲಿ ಅಚ್ಚಾಗಿತ್ತು.

ಈ ಭಾಗದ ಸಾಹಿತ್ಯ ಸಭೆಗಳಲ್ಲಿ ಅಧ್ಯಕ್ಷರ ಭಾಷಣವನ್ನು ಮೊದಲೇ ಮುದ್ರಿಸುವುದು ಪದ್ಧತಿ. ಬಾಗಿಲಲ್ಲಿ ಹಂಚಬೇಕು, ಪತ್ರಿಕೆಯವರ ಕೈಗೂ ಬೆಳಿಗ್ಗೆಯೇ ಕೊಡಬೇಕು. ಅವರು ಉಪ್ಪಿಟ್ಟು ಮುಗಿಸಿ ಭಾಷಣಕ್ಕೆ ಮುಂಚೆಯೇ ಹೊರಟುಬಿಡುತ್ತಾರೆ. ಹೀಗಾಗಿ ಸಭೆಯಲ್ಲಿ ನಡೆಯಬೇಕಾದದ್ದೆಲ್ಲ ಅಚ್ಚುಮನೆಯಲ್ಲೇ ನಡೆದು ಮುಗಿದಿರುತ್ತದೆ. ಸಭೆ ಬರೀ ಮರುಪ್ರಸಾರ.

ಸಂಚಾಲಕ ಬಸವಪ್ರಸಾದ ಆ ಭಾಷಣವನ್ನು ಕವಿಗಳಿಗೆಲ್ಲ ವಾಟ್ಸ್ಯಾಪಿನಲ್ಲಿ ಕಳಿಸಿದ್ದ. ಮಾನ್ವಿಯ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮುಗಿಸಿ ರಾಯಚೂರಿನ ಮನೆಗೆ ಬಂದ ಮೌನೇಶ್ವರಿ ಚಹಾ ಕುಡಿಯುತ್ತ ಅದನ್ನು ಓದಿದಳು. ಓದಿ, ತಾಯಿ ಗೋಪಮ್ಮನ ಕೈಗೆ ಫೋನ್ ಕೊಟ್ಟಳು. ಸರ್ಕಾರಿ ನರ್ಸ್ ಆಗಿ ನಿವೃತ್ತಳಾದ ಗೋಪಮ್ಮ ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದಳು: “ಮೌನೇಶ್ವರಿಯವರು ಈಗಷ್ಟೇ ಓದಿದ ‘ನನ್ನ ಕೇರಿ’ ನಮ್ಮೆಲ್ಲರ ಕಣ್ಣುಗಳನ್ನು ತೇವಗೊಳಿಸಿತು. ಅವರ ತಾಯಿ ಇಲ್ಲೇ ಇದ್ದಾರೆ. ತಾಯೀ, ದಯಮಾಡಿ ಎದ್ದು ನಿಲ್ಲಿ. ದುಡಿದು ಬಿರುಕುಬಿಟ್ಟ ನಿಮ್ಮ ಅಂಗೈಗಳನ್ನು ಸಭೆ ನೋಡಲಿ.”

ಗೋಪಮ್ಮ ತನ್ನ ಅಂಗೈ ನೋಡಿಕೊಂಡಳು. “ಯಾರ ಕೈ ಬೇ ಇವು? ಅರ್ಧ ತಾಲ್ಲೂಕಿನ ಕುಂಡಿಗೆ ಸೂಜಿ ಚುಚ್ಚಿದ ಕೈ ನಂದು. ದಿನಕ್ಕ ಹತ್ತು ಸಲ ಡೆಟಾಲ್ ಹಾಕಿ ತೊಳದೀನಿ. ಎಲ್ಲಿ ಬಿರುಕು?”

ಮೌನೇಶ್ವರಿಗೆ ನಗು ಬರಲಿಲ್ಲ. ‘ನನ್ನ ಕೇರಿ’ ಎಂಬ ಕವಿತೆಯನ್ನು ಅವಳು ಬರೆದೇ ಇರಲಿಲ್ಲ. ಓದುತ್ತೇನೆಂದು ಕಳಿಸಿದ್ದ ಕವಿತೆ ವೇಲ್ಸ್ ದೇಶದ ಒಬ್ಬ ರಾಣಿಯದು. ಅವಳು ಫೋನ್ ಹಚ್ಚಿದಳು.

“ಅಧ್ಯಕ್ಷರು ಕೇಳಿದ್ರು ಮೇಡಂ, ಮೌನೇಶ್ವರಿ ಏನ್ ಓದ್ತಾರ ಅಂತ,” ಎಂದ ಬಸವಪ್ರಸಾದ. “ನಿಮ್ಮ ಕವಿತಾ ಇನ್ನೂ ತೆಗದು ನೋಡಿರಲಿಲ್ರಿ. ನೀವಂದ್ರ ಕೇರಿ ಅಲ್ಲೇನ್ರಿ ಮತ್ತ? ಹಂಗ ಅಂದ್ಬಿಟ್ಟೆ. ಈಗೇನಾತು, ಇನ್ನೂ ಒಂದಿನ ಅದ. ಹದಿನಾರು ಸಾಲು ಬರದ್ರ ಆತು. ಕಣ್ಣೀರು ಅದಾಗ್ಲೇ ಪ್ರಿಂಟ್ ಆಗ್ಯಾವ.”

“ನಾನು ರಾಣೀದ ಓದ್ತೀನ್ರಿ ಸರ.”

“ವೇಲ್ಸ್ ಪಾಲ್ಸ್ ನಮಗ್ಯಾಕ್ರಿ? ನಿಮ್ಮ ಮಂದಿ ನೋವು ಬರೀರಿ, ನಿಮಗ ಅದು ಒಪ್ಪತದ.”

“ಹೋದ ವರ್ಷ ನೀವು ಜಪಾನಿನ ಚೆರ್ರಿ ಹೂವಿನ ಮ್ಯಾಲೆ ಓದಿದ್ರಿ. ದೇವದುರ್ಗದಾಗ ಎಲ್ಲಿ ನೋಡಿದ್ರಿ ಅದನ್ನ?”

“ಅದು ಕಲ್ಪನಾ ರೀ.”

“ನನ್ನ ಹಂತ್ಯಾಕೂ ಒಂದೀಟು ಅದ ರೀ, ಕಲ್ಪನಾ.”

ಬಸವಪ್ರಸಾದ ದನಿ ತಗ್ಗಿಸಿ ಹೇಳಿದ: “ನೋಡ್ರಿ, ಸಂಕಲನ ತರಾಕತ್ತೀವಿ. ಅಧ್ಯಕ್ಷರು ಮೆಚ್ಚಿದ್ದು ಅದರಾಗ ಹೋಗ್ತದ. ಬ್ಯಾರೆದು ಓದಿದ್ರ ನನ್ನ ಕೈಯಾಗಿಲ್ಲ.”

ಇದು ನಾಟುವ ಮಾತು. ಮೌನೇಶ್ವರಿಯ ಕವಿತೆಗಳು ಈತನಕ ಹಾಳೆಯಲ್ಲಿ, ಫೋನಿನಲ್ಲಿ ಓಡಾಡಿದ್ದವೇ ಹೊರತು ಒಂದೂ ಪುಸ್ತಕದೊಳಗೆ ಕೂತಿರಲಿಲ್ಲ. ಮೊದಲು ಕೂಡುವುದು ರಾಣಿಯೇ ಆಗಬೇಕೆಂಬುದು ಅವಳ ಆಸೆ.

ರಾಣಿ ಸಿಕ್ಕದ್ದು ರಾಯಚೂರಿನ ತೀನ್ ಕಂದೀಲ್ ಹತ್ತಿರದ ರದ್ದಿ ಅಂಗಡಿಯಲ್ಲಿ. ಶಕ್ತಿನಗರದ ಯಾರೋ ಎಂಜಿನಿಯರು ವರ್ಗವಾಗಿ ಹೋಗುವಾಗ ತೂಕಕ್ಕೆ ಹಾಕಿದ್ದ ರಾಶಿಯಲ್ಲಿ ರಟ್ಟು ಕಿತ್ತುಹೋದ ಒಂದು ಪುಸ್ತಕವಿತ್ತು. ಇಂಗ್ಲೆಂಡಿನ ಪಡುವಣ ಮಗ್ಗುಲಿಗೆ ಅಂಟಿಕೊಂಡ ವೇಲ್ಸಿನಲ್ಲಿ ನಡುಗಾಲದ ಜನ ಹೇಳಿಕೊಳ್ಳುತ್ತಿದ್ದ ಕಥೆಗಳು. ಒಂದು ಕಥೆಯಲ್ಲಿ ಬಾಣಂತಿ ರಾಣಿ ಮಲಗಿರುವಾಗ ಕೂಸು ಮಾಯವಾಗುತ್ತದೆ. ಕಾವಲಿಗಿದ್ದ ಹೆಂಗಸರು ನಿದ್ದೆಹೋಗಿರುತ್ತಾರೆ. ತಮ್ಮ ತಲೆ ಉಳಿಸಿಕೊಳ್ಳಲು ರಾಣಿಯ ಮುಖಕ್ಕೆ ನಾಯಿಮರಿಯ ರಕ್ತ ಬಳಿದು, ಕೂಸನ್ನು ಇವಳೇ ಕೊಂದಳೆನ್ನುತ್ತಾರೆ. ಅವಳಿಗೆ ಶಿಕ್ಷೆ: ಏಳು ವರ್ಷ ಕೋಟೆಯ ಹೆಬ್ಬಾಗಿಲಲ್ಲಿ, ಕುದುರೆ ಹತ್ತಲು ಇಟ್ಟ ಕಲ್ಲಿನ ಬಳಿ ಕೂಡಬೇಕು; ಬಂದವರಿಗೆಲ್ಲ ತನ್ನ ಕಥೆ ಹೇಳಬೇಕು; ಹೇಳಿ, ಬೆನ್ನು ಬಗ್ಗಿಸಿ, ‘ಏರಿ, ಒಳಗೆ ಹೊತ್ತು ಒಯ್ಯುತ್ತೇನೆ’ ಎನ್ನಬೇಕು.

ಇದನ್ನು ಕೇಳಿ ಗೋಪಮ್ಮ ಕೆರಳಿದ್ದಳು. “ಒಬ್ಬ ಬಾಣಂತಿಗೆ ಅಷ್ಟು ಮಂದಿ ಡ್ಯೂಟಿ, ಎಲ್ಲಾರೂ ನಿದ್ದಿ ಹೊಡದ್ರ? ಅವರನ್ನ ಸಸ್ಪೆಂಡ್ ಮಾಡದು ಬಿಟ್ಟು ಪೇಷಂಟಿಗೆ ಶಿಕ್ಷಾ ಕೊಟ್ಟಾರ! ಹಸಿ ಮೈ ಬೇ, ಸೊಂಟ ಏನ್ ಉಳಿತದ?”

ಮೌನೇಶ್ವರಿ ಮಾತ್ರ ಆ ಶಿಕ್ಷೆಯ ಸಾಲಿನಲ್ಲೇ ನಿಂತುಬಿಟ್ಟಿದ್ದಳು. ಈ ಕೆಲಸ ಅವಳಿಗೆ ಗೊತ್ತಿತ್ತು. ಕೇರಿಯ ಬಗ್ಗೆ ಅವಳ ಮೊದಲ ಕವಿತೆ ನಿಜವಾದದ್ದು. ಬರೆಯುವಾಗ ಅವಳ ಕಣ್ಣಲ್ಲೂ ನೀರಿತ್ತು. ಆಮೇಲೆ ಪ್ರತಿ ಸಭೆಯೂ ಅದನ್ನೇ ಕೇಳಿತು. ಅವಳು ಹೇಳಿದಳು, ಹೇಳಿ ಬಗ್ಗಿದಳು. ದೊಡ್ಡವರು ಅವಳ ಬೆನ್ನೇರಿ, ಕರವಸ್ತ್ರದಲ್ಲಿ ಕಣ್ಣೊರೆಸಿಕೊಳ್ಳುತ್ತ, ಒಳಗೆ ಹೋಗಿ ಊಟಕ್ಕೆ ಕೂತರು. ಹೆಬ್ಬಾಗಿಲ ಕಲ್ಲು ವೇಲ್ಸಿನಲ್ಲಿದ್ದರೇನು, ದೇವದುರ್ಗದಲ್ಲಿದ್ದರೇನು? ಅಂದು ಬರೆಯಲು ಕೂತವಳು ತುಂಬ ದಿನಗಳ ನಂತರ ಹಸಿದವಳಂತೆ ಬರೆದಿದ್ದಳು.

ಮರುದಿನ ತಾಯಿ ಮಗಳು ದೇವದುರ್ಗದ ಬಸ್ಸು ಹಿಡಿದರು. ಗಬ್ಬೂರಿನಲ್ಲಿ ಬಸ್ಸು ನಿಂತಾಗ ಗೋಪಮ್ಮ ಕೇಳಿದಳು: “ಏನ್ ಓದ್ತಿ?”

“ನೀ ಏನಂತಿ?”

“ಕೇರೀದ ಓದಿದ್ರ ಪುಸ್ತಕದಾಗ ಬರ್ತದ. ರಾಣೀದ ಓದಿದ್ರ ಬೈಸ್ಕೊಂತಿ. ನನ್ನ ಕೇಳಿದ್ರ ಮೊದಲನೇದ ಚಲೋ.” ಗೋಪಮ್ಮ ಶೇಂಗಾ ಸುಲಿಯುತ್ತ ಸೇರಿಸಿದಳು, “ನನ್ನ ಮಾತು ನೀ ಯಾವತ್ತ ಕೇಳೀದಿ?”

ಕಲ್ಯಾಣ ಮಂಟಪದ ಬಾಗಿಲಲ್ಲಿ ಭಾಷಣದ ಪುಸ್ತಿಕೆ ಹಂಚುತ್ತಿದ್ದರು. ಜನ ಆಗಲೇ ಕಣ್ಣು ತೇವವಾಗುವ ಪುಟ ತೆರೆದುಕೊಂಡು ಕೂತಿದ್ದರು. ಮೌನೇಶ್ವರಿಯ ಸರದಿ ಬಂದಾಗ ಬಸವಪ್ರಸಾದ ವೇದಿಕೆಯ ಮೆಟ್ಟಿಲಲ್ಲಿ ಅಡ್ಡ ನಿಂತು ಪಿಸುಗುಟ್ಟಿದ: “ಬರದೀರಲ್ರಿ?”

“ಬರದೀನ್ರಿ.”

ಅವನು ಸಮಾಧಾನದಿಂದ ದಾರಿ ಬಿಟ್ಟ. ಅವಳು ಮೈಕಿನ ಮುಂದೆ ನಿಂತು, ರಾಣಿ ಯಾರು, ಅವಳಿಗಾದದ್ದೇನು ಎಂದು ನಾಲ್ಕು ಮಾತು ಹೇಳಿದಳು. ಮುಂದಿನ ಸಾಲಿನ ಪುಸ್ತಿಕೆಗಳು ಪರಪರ ಸದ್ದು ಮಾಡಿದವು, ಜನ ಅದರಲ್ಲಿ ರಾಣಿಯನ್ನು ಹುಡುಕುತ್ತಿದ್ದರು. ಅವಳು ಆ ಸದ್ದು ನಿಲ್ಲುವತನಕ ಕಾದು ಓದಿದಳು. ಹಳೆಯ ಕಥೆಯಲ್ಲಿ ಕೂಸು ಮರಳಿ ಬಂದ ಮೇಲೆಯೇ ರಾಣಿಗೆ ಬಿಡುಗಡೆ. ಮೌನೇಶ್ವರಿಯ ರಾಣಿಗೆ ಅಷ್ಟು ತಾಳ್ಮೆ ಇರಲಿಲ್ಲ:

ಹೊತ್ತು ಹೊತ್ತು ಬೆನ್ನಿಗೇ ಮರೆತಿತ್ತು
ತಾನು ಬೆನ್ನೆಂದು, ಪಲ್ಲಕ್ಕಿಯೆಂದುಕೊಂಡಿತ್ತು.
ಇಂದು ಬಂದ ಧಣಿಗಳೇ, ಕೇಳಿ:
ಕಥೆ ನನ್ನದು, ಕಾಲು ನಿಮ್ಮದು.
ನಡೆಯಿರಿ.

ಯಾರ ಕಣ್ಣೂ ತೇವವಾಗಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಮಾತ್ರ ಕೂಗಿದಳು: “ಕೊನೀದು ಇನ್ನೊಮ್ಮಿ ಅನ್ರೀ ಯವ್ವಾ!”

ಮೌನೇಶ್ವರಿ ಇನ್ನೊಮ್ಮೆ ಅಂದಳು, ಈ ಸಲ ಮುಂದಿನ ಸಾಲು ನೋಡಿಕೊಂಡು.

ಅಧ್ಯಕ್ಷರು ಎದ್ದರು. ಪುಟ ತಿರುವಿದರು, ನಿಂತರು, ಬಸವಪ್ರಸಾದನತ್ತ ನೋಡಿದರು. ಅವನು ನೆಲ ನೋಡಿದ. ಅಚ್ಚಾದದ್ದನ್ನು ಅಳಿಸುವುದು ಹೇಗೆ? ಪಾಪ, ಅವರು ಓದಿಯೇಬಿಟ್ಟರು: “ಈಗಷ್ಟೇ ಓದಿದ ‘ನನ್ನ ಕೇರಿ’...” ಮಂಟಪದ ಹಿಂಭಾಗದಲ್ಲಿ ಕಿಸಕ್ಕೆಂದಿತು, ತಾಯಿಯ ಮಾತಿಗೆ ಬರುವಷ್ಟರಲ್ಲಿ ನಗು ನಡುವಿನ ಸಾಲಿಗೂ ಹತ್ತಿತ್ತು.

“ತಾಯೀ, ದಯಮಾಡಿ ಎದ್ದು ನಿಲ್ಲಿ.”

“ನಾ ಕುಂತೇ ಕೇಳ್ತೀನ್ರಿ,” ಎಂದಳು ಗೋಪಮ್ಮ. “ನೀವು ಓದಿ ಮುಗಸ್ರಿ, ಊಟಕ್ಕ ಹೊತ್ತಾತು.”

ಭಾಷಣ ಮುಗಿದ ಮೇಲೆ ಬಸವಪ್ರಸಾದ ವೇದಿಕೆಯ ಪಕ್ಕದಲ್ಲಿ ಬೆವರು ಒರೆಸಿಕೊಳ್ಳುತ್ತ ಬಂದ. “ಮರ್ಯಾದಿ ತೆಗದ್ರಿ ಮೇಡಂ. ಆದ್ರೂ ಒಂದು ದಾರಿ ಅದ. ‘ನನ್ನ ಕೇರಿ’ ಅಂತ ಬರದು ನಾಳೆ ಕಳಸ್ರಿ, ಸಂಕಲನದಾಗ ಅದನ್ನ ಹಾಕ್ತೀವಿ. ಇದನ್ನ ಮರತಬಿಡೋಣ.”

ಪುಸ್ತಕ ಅಷ್ಟು ಹತ್ತಿರವಿತ್ತು. ಹದಿನಾರು ಸಾಲು ಅವಳಿಗೆ ಬಸ್ಸಿನಲ್ಲಿ ಗಬ್ಬೂರು ಮುಟ್ಟುವುದರೊಳಗೆ ಬರುತ್ತಿದ್ದವು, ಬೆನ್ನಿಗೆ ರೂಢಿಯಿತ್ತು.

“ಬರೀದ ಇದ್ದ ಕವಿತಾನ ಅಧ್ಯಕ್ಷರು ಅಷ್ಟು ಛಂದ ಹೊಗಳ್ಯಾರ,” ಎಂದಳು ಮೌನೇಶ್ವರಿ. “ಅದು ಅವರದ ಆತು. ಅವರ ಹೆಸರ್ಲೆ ಹಾಕ್ರಿ. ನನ್ನ ಹೆಸರ್ಲೆ ಹಾಕದಾದ್ರ ರಾಣಿ. ಇಲ್ಲಂದ್ರ ಪುಟ ಖಾಲಿ ಬಿಡ್ರಿ.”

“ಹಂಗಾದ್ರ ಇಲ್ಲ ಅನಬೇಕಾಗ್ತದ್ರಿ.”

“ಅನ್ರಿ. ಈಗ ಶಾಲು ಕೊಡ್ರಿ.”

“ಏನ್ರಿ?”

“ಶಾಲು ರೀ. ಎಲ್ಲಾ ಕವಿಗಳಿಗೂ ಹಾಕಿದ್ರಿ, ನಾನೂ ಕವಿತಾ ಓದೀನಿ.”

ಬಸವಪ್ರಸಾದ ಮೇಜಿನ ಮೇಲೆ ಉಳಿದಿದ್ದ ಒಂದೇ ಶಾಲನ್ನು ತಂದ. ಹೊದಿಸಲು ಅವನ ಕೈ ಮೇಲೆದ್ದಿತು. ಹೊದಿಸಿಕೊಳ್ಳುವವರು ತಲೆ ತಗ್ಗಿಸಬೇಕು, ಅದು ವಾಡಿಕೆ. ಮೌನೇಶ್ವರಿ ಅವನಿಗಿಂತ ಗೇಣುದ್ದ ಎತ್ತರ. ನೆಟ್ಟಗೆ ನಿಂತೇ ಇದ್ದಳು. ಅವನು ಒಂದು ಕ್ಷಣ ಕಾದ, ಆಮೇಲೆ ತುದಿಗಾಲಲ್ಲಿ ನಿಂತು ಹೊದಿಸಿದ.